ಹೆಲಿ ತಾನಾಗೇ ಮೂತಿ ಎತ್ತಿದರೆ ಎಲ್ಲಿಂದ ಶುರು ಮಾಡಬೇಕು?

"ಎಲಿವೇಟರ್ ಸ್ಟಿಕ್ ಮುಟ್ಟೇ ಇಲ್ಲ, ಆದ್ರೂ ಹೆಲಿ ಮೂತಿ ಎತ್ತುತ್ತೆ." ಆರ್‌ಸಿ (ರಿಮೋಟಿನಿಂದ ನಡೆಸುವ) ಹೆಲಿಕಾಪ್ಟರ್ ಹಾರಿಸುವವರ ಬಾಯಲ್ಲಿ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಎಲಿವೇಟರ್ ಸ್ಟಿಕ್ ಅಂದರೆ ರಿಮೋಟಿನಲ್ಲಿ ಮೂತಿ ಎತ್ತಿ ಇಳಿಸುವ ಕಡ್ಡಿ. ಪಕ್ಕದಲ್ಲಿ ನಿಂತವರು ಕೂಡಲೇ ಔಷಧಿ ಹೇಳುತ್ತಾರೆ: ಗೇನ್ (ಹೆಲಿಯ ಓಲಾಟ ತಿದ್ದುವ ಗೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಅಳತೆ) ಜಾಸ್ತಿ ಮಾಡು, ಎರಡು ಕ್ಲಿಕ್ ಟ್ರಿಮ್ (ಸ್ಟಿಕ್ಕಿನ ನಡುಬಿಂದುವನ್ನು ಚೂರು ಸರಿಸುವ ಗುಂಡಿ) ಕೊಡು. ಕೆಲವು ಸಲ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಕಾರಣ ಒಳಗೇ ಉಳಿದಿರುತ್ತದೆ. ಮುಂದಿನ ವಾರ ಬ್ಯಾಟರಿ ಬದಲಿಸಿದಾಗಲೋ, ಗಾಳಿ ಜೋರಾದಾಗಲೋ ಮತ್ತೆ ಎದುರಾಗುತ್ತದೆ.

ನಾನು ಹಿಡಿದಿರುವ ದಾರಿ ಬೇರೆ. ಮೂತಿ ಯಾವಾಗ ಎತ್ತುತ್ತದೆ ಅನ್ನುವುದನ್ನು ಮೊದಲು ಗುರುತು ಮಾಡಿಕೊಳ್ಳಬೇಕು. ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೇ ಕಡೆ) ನಿಂತಾಗಲಾ, ಕಲೆಕ್ಟಿವ್ (ಎಲ್ಲ ಬ್ಲೇಡ್‌ಗಳ ಕೋನ ಒಟ್ಟಿಗೆ ಬದಲಿಸಿ ಹೆಲಿ ಏರಿಸಿ ಇಳಿಸುವುದು) ಕೊಟ್ಟಾಗಲಾ, ವೇಗವಾಗಿ ಮುಂದೆ ಹೋಗುವಾಗಲಾ, ಸ್ಟಿಕ್ ಬಿಟ್ಟು ನಿಲ್ಲಿಸಿದಾಗಲಾ? ಒಂದೊಂದಕ್ಕೂ ಕಾರಣ ಬೇರೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಹೇಳುವುದೆಲ್ಲ ಕಲೆಕ್ಟಿವ್ ಪಿಚ್ (ಪಿಚ್ ಅಂದರೆ ಬ್ಲೇಡಿನ ಕೋನ) ಇರುವ, 450ರಿಂದ 600 ಸೈಜಿನ (ಅಂಕಿ ಏರಿದಷ್ಟೂ ಹೆಲಿ ದೊಡ್ಡದು) ಹೆಲಿಗಳ ಬಗ್ಗೆ. ಜಾತ್ರೆಯಲ್ಲಿ ಸಿಗುವ ಎರಡಂತಸ್ತಿನ ರೋಟರಿನ ಆಟಿಕೆಗೆ ಇದರಲ್ಲಿ ಹೆಚ್ಚಿನದು ಹೊಂದುವುದಿಲ್ಲ.

ಜಾಗ ಮತ್ತು ಹೊತ್ತು

ಪರೀಕ್ಷೆ ಮಾಡುವ ದಿನ ಗಾಳಿ ಇರಬಾರದು. ಮಲೆನಾಡಿನಲ್ಲಿ ಇದು ಅಂದುಕೊಂಡಷ್ಟು ಸುಲಭ ಅಲ್ಲ. ಸುಗ್ಗಿ ಮುಗಿದ ಮೇಲೆ ಗದ್ದೆ ಬಯಲು ಸಿಗುತ್ತದೆ, ನಿಜ. ಆದರೆ ಗದ್ದೆಯ ಒಂದು ಬದಿಗೆ ಅಡಿಕೆ ತೋಟ, ಇನ್ನೊಂದು ಬದಿಗೆ ಗುಡ್ಡ. ತೋಟದ ಮರೆಯಲ್ಲಿ ಹೋವರ್ ಮಾಡುವಾಗ ಎಲೆಯೂ ಅಲ್ಲಾಡುವುದಿಲ್ಲ. ಹೆಲಿ ಮರದ ತುದಿ ದಾಟಿ ಮೇಲೆ ಹೋದ ಕೂಡಲೇ ಗಾಳಿ ಎದುರಿಗೆ ಬಡಿಯುತ್ತದೆ, ಮೂತಿ ಏಳುತ್ತದೆ. ಕೆಳಗೆ ನಿಂತವರಿಗೆ ಹೆಲಿ ಕೆಟ್ಟಿದೆ ಅನಿಸುತ್ತದೆ. ಹಾಗಾಗಿ ತೋಟದಿಂದ ಸಾಕಷ್ಟು ದೂರ, ಬೆಳಿಗ್ಗೆ ಮಂಜು ಕರಗಿದ ಮೇಲೆ ಗಾಳಿ ಏಳುವ ಮುಂಚೆ ಹಾರಿಸಿ. ಕೂಳೆಯ ಮೇಲೆ ನೇರ ಇಳಿಸಬೇಡಿ, ಸ್ಕಿಡ್ (ಹೆಲಿಯ ಕಾಲು) ಸಿಕ್ಕಿಕೊಳ್ಳುತ್ತದೆ. ಒಂದು ಪ್ಲೈವುಡ್ ತುಂಡು ತೆಗೆದುಕೊಂಡು ಹೋದರೆ ಸಾಕು.

ಶಿವಮೊಗ್ಗ ಪೇಟೆಯವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತ 12 ಕಿಲೋಮೀಟರ್‌ವರೆಗೆ ನಿರ್ಬಂಧ ಇದೆ. 8ರಿಂದ 12 ಕಿಲೋಮೀಟರ್ ನಡುವೆ ಅನುಮತಿ ಇಲ್ಲದೆ 200 ಅಡಿ ದಾಟಬಾರದು, ಅದಕ್ಕಿಂತ ಹತ್ತಿರ ಹಾರಿಸುವುದಕ್ಕೇ ಅನುಮತಿ ಬೇಕು. ಪೇಟೆಯ ಎಷ್ಟೋ ಬಡಾವಣೆಗಳು ಈ ಅಳತೆಯೊಳಗೇ ಬರುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ಬಣ್ಣದಲ್ಲಿದೆ ಅಂತ ನೋಡಿಕೊಂಡೇ ಹೋಗಿ. ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಧಾಮದ ಹತ್ತಿರವಂತೂ ಬೇಡವೇ ಬೇಡ.

ಮೊದಲ ಹಾರಾಟ: ಬರೀ ನೋಡುವುದಕ್ಕೆ

ಈ ಹಾರಾಟದಲ್ಲಿ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಜೇಬಿನಲ್ಲಿ ಸಣ್ಣ ಪುಸ್ತಕ ಇರಲಿ, ಅಥವಾ ಜೊತೆಗೆ ಬಂದವರ ಕೈಗೆ ಕೊಡಿ.

ಕಣ್ಣಿನ ಮಟ್ಟದಲ್ಲಿ, ಹತ್ತು ಮೀಟರ್ ದೂರದಲ್ಲಿ, ಹೆಲಿಯನ್ನು ಅಡ್ಡ ನಿಲ್ಲಿಸಿ. ಅಂದರೆ ಮೂತಿ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ. ಹಿಂದಿನಿಂದ ನೋಡಿದರೆ ಮೂತಿ ಏಳುವುದು ಸರಿಯಾಗಿ ಕಾಣುವುದಿಲ್ಲ. ಹೋವರ್‌ನಲ್ಲಿ ಎಲಿವೇಟರ್ ಸ್ಟಿಕ್ಕನ್ನು ಒಂದೇ ಕಡೆಗೆ ಸತತವಾಗಿ ಹಿಡಿದಿರಬೇಕಾಗುತ್ತದಾ ನೋಡಿ. ಆಮೇಲೆ ಕಲೆಕ್ಟಿವ್ ಅನ್ನು ಥಟ್ಟನೆ ಮೇಲೆ ಕೊಟ್ಟು ನೇರ ಏರಿಸಿ. ನಂತರ ಮುಂದಕ್ಕೆ ಒಂದು ನೇರ ಓಟ, ಮೊದಲು ನಿಧಾನ, ಆಮೇಲೆ ವೇಗ. ಕೊನೆಗೆ ಮೂತಿಯನ್ನು ಚುರುಕಾಗಿ ಬಗ್ಗಿಸಿ ಸ್ಟಿಕ್ ನಡುವಿಗೆ ಬಿಡಿ. ಮೂತಿ ಅಲ್ಲೇ ನಿಂತಿತಾ, ಎರಡು ಸಲ ತಲೆಯಾಡಿಸಿತಾ?

ಒಂದು ಮಾತು ನೆನಪಿರಲಿ. ಫ್ಲೈಬಾರ್ (ರೋಟರ್ ಹೆಡ್ಡಿನಲ್ಲಿ ಬ್ಲೇಡಿಗೆ ಅಡ್ಡ ಇರುವ, ಹೆಲಿಯನ್ನು ಸ್ಥಿರವಾಗಿಡುವ ಕಡ್ಡಿ) ಇಲ್ಲದ ಹೆಲಿಯ ಸಾಮಾನ್ಯ ಗೈರೋ ಹೆಲಿಯನ್ನು ಮಟ್ಟವಾಗಿ ನಿಲ್ಲಿಸಿಕೊಡುವುದಿಲ್ಲ. ಅದು ಹಿಡಿಯುವುದು ತಿರುಗುವ ವೇಗವನ್ನು ಮಾತ್ರ. ಕೈ ಬಿಟ್ಟರೆ ಹೆಲಿ ನಿಧಾನವಾಗಿ ಎತ್ತಲೋ ಜಾರುತ್ತದೆ, ಅದು ದೋಷ ಅಲ್ಲ. ಪ್ರತಿ ಸಲ ಒಂದೇ ದಿಕ್ಕಿಗೆ, ಒಂದೇ ರೀತಿ ಜಾರಿದರೆ ಮಾತ್ರ ಹುಡುಕಬೇಕು.

ಮೇಜಿನ ಮೇಲೆ: ಮೊದಲು ತೂಕ

ಮನೆಗೆ ಬಂದು ಹೆಲಿ ಮೇಜಿನ ಮೇಲೆ ಇಟ್ಟ ಕೂಡಲೇ ಮೋಟಾರಿನ ಮೂರು ವೈರಲ್ಲಿ ಎರಡನ್ನು ಬಿಚ್ಚಿಡಿ. ಥ್ರಾಟಲ್ ಹೋಲ್ಡ್ (ಮೋಟಾರ್ ನಿಲ್ಲಿಸಿಡುವ ಸ್ವಿಚ್) ಇದೆಯಲ್ಲಾ ಅನ್ನುವ ಧೈರ್ಯ ಬೇಡ. 450 ಸೈಜಿನ ಬ್ಲೇಡೂ ಬೆರಳು ಕತ್ತರಿಸುತ್ತದೆ.

ಬ್ಯಾಟರಿ, ಕ್ಯಾನೋಪಿ (ಮುಂದಿನ ಹೊದಿಕೆ) ಎಲ್ಲ ಹಾಕಿ. ಬ್ಲೇಡ್‌ಗಳನ್ನು ಬಾಲಕ್ಕೆ ಅಡ್ಡವಾಗಿ ತಿರುಗಿಸಿ, ಹೆಡ್‌ನ ಎರಡೂ ಬದಿ ಬ್ಲೇಡ್ ಹಿಡಿಕೆಯ ಕೆಳಗೆ ಒಂದೊಂದು ಬೆರಳು ಕೊಟ್ಟು ಎತ್ತಿ. ಸ್ಕಿಡ್ ಮಟ್ಟವಾಗಿ ನಿಲ್ಲಬೇಕು, ಅಥವಾ ಮೂತಿ ಒಂದಿಷ್ಟೇ ಇಳಿದಿರಬೇಕು. ಬಾಲ ಇಳಿದರೆ ಬ್ಯಾಟರಿ ಮುಂದೆ ಸರಿಸಿ.

ಇದು ಯಾಕೆ ಮುಖ್ಯ? ರೋಟರಿನ ಎಳೆತ ಶಾಫ್ಟಿನ ಮೂಲಕ ಮೇಲಕ್ಕೆ ಹೋಗುತ್ತದೆ. ತೂಕದ ಕೇಂದ್ರ ಶಾಫ್ಟಿನಿಂದ ಹಿಂದೆ ಇದ್ದರೆ ಎಳೆತ ಜಾಸ್ತಿಯಾದಾಗೆಲ್ಲ ಮೂತಿ ಮೇಲೇಳುತ್ತದೆ. ಹೋವರ್‌ನಲ್ಲಿ ಟ್ರಿಮ್ ಕೊಟ್ಟು ಸರಿ ಮಾಡಿದರೂ ಕಲೆಕ್ಟಿವ್ ಕೊಟ್ಟಾಗ ಮತ್ತೆ ಏಳುತ್ತದೆ, ಇಳಿಸಿದಾಗ ಮೂತಿ ಬೀಳುತ್ತದೆ. 750 ಗ್ರಾಂ ಹೆಲಿಯಲ್ಲಿ 180 ಗ್ರಾಂನ ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಸರಿಸಿದರೆ ಕೇಂದ್ರ ಸುಮಾರು 2.4 ಮಿಲಿಮೀಟರ್ ಸರಿಯುತ್ತದೆ. ಕಡಿಮೆ ಅನಿಸಬಹುದು. ಹಾರಿಸುವಾಗ ಕೈಗೆ ಗೊತ್ತಾಗುತ್ತದೆ.

ಬೇರೆ ಬೇರೆ ಕಂಪನಿಯ ಬ್ಯಾಟರಿ ಬಳಸುವವರು ಪ್ರತಿಯೊಂದಕ್ಕೂ ಎಲ್ಲಿ ಕೂರಬೇಕು ಅಂತ ಟ್ರೇ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿಡಿ. ವೆಲ್ಕ್ರೋ ಮೇಲೆ ಪಟ್ಟಿಯೂ ಕಟ್ಟಿ. ಹಾರಾಟದ ನಡುವೆ ಬ್ಯಾಟರಿ ಹಿಂದೆ ಜಾರಿದರೆ ಯಾವ ಗೈರೋ ಸೆಟ್ಟಿಂಗೂ ನಿಮ್ಮನ್ನು ಕಾಪಾಡುವುದಿಲ್ಲ.

ಸ್ವಾಶ್‌ಪ್ಲೇಟ್: ಇಲ್ಲಿ ಸಮಯ ಕೊಡಿ

ಸ್ವಾಶ್‌ಪ್ಲೇಟ್ ಅಂದರೆ ರೋಟರ್ ಶಾಫ್ಟಿನ ಮೇಲೆ ಏರಿ, ಇಳಿದು, ವಾಲಿ ಬ್ಲೇಡ್‌ಗಳ ಕೋನ ಬದಲಿಸುವ ತಟ್ಟೆ. ನಾನು ನೋಡಿದ ಮೂತಿ ಸಮಸ್ಯೆಗಳಲ್ಲಿ ಹೆಚ್ಚಿನವು ಸ್ವಾಶ್‌ಪ್ಲೇಟ್ ಹತ್ತಿರವೇ ಸಿಕ್ಕಿವೆ. ಅದರಲ್ಲೂ ತೂಕ ಸರಿ ಇದ್ದ ಮೇಲೂ "ಕಲೆಕ್ಟಿವ್ ಕೊಟ್ಟಾಗ ಮಾತ್ರ" ಅನ್ನುವ ದೂರು ಬಂದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ ಅನ್ನಬಹುದು.

120 ಡಿಗ್ರಿಯ ಸ್ವಾಶ್‌ಪ್ಲೇಟಿನಲ್ಲಿ ಮೂರು ಸರ್ವೋಗಳು (ತಟ್ಟೆಯನ್ನು ಸರಿಸುವ ಸಣ್ಣ ಮೋಟಾರುಗಳು) ಒಟ್ಟಿಗೆ ಕೆಲಸ ಮಾಡುತ್ತವೆ. ಕಲೆಕ್ಟಿವ್‌ಗೆ ಮೂರೂ ಸಮವಾಗಿ ಏರಬೇಕು. ಎಲಿವೇಟರ್‌ಗೆ ಹಿಂದಿನ ಒಂದು ಸರ್ವೋ ಪೂರ್ತಿ ಓಡುತ್ತದೆ, ಮುಂದಿನ ಎರಡು ಅದರ ಅರ್ಧದಷ್ಟು ಎದುರು ದಿಕ್ಕಿಗೆ ಓಡುತ್ತವೆ. ಅಂದರೆ ಹಿಂದಿನ ಆ ಒಂದು ಸರ್ವೋ ಸ್ವಲ್ಪ ಹಿಂದೆ ಬಿದ್ದರೂ ಅದು ನೇರ ಮೂತಿಯಲ್ಲಿ ಕಾಣಿಸುತ್ತದೆ.

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ತನ್ನ 450 ತಂದಿದ್ದ. "ಅಣ್ಣಾ, ಮೇಲೆ ಹೊಡೆದ್ರೆ ಮೂತಿ ಎತ್ತುತ್ತೆ. ಗೇನ್ ಎಲ್ಲಾ ಮಾಡಿ ನೋಡ್ದೆ" ಅಂದ. "ಹಾರ್ಸೋದು ಬೇಡ, ಇಲ್ಲಿ ಇಡು" ಅಂದೆ. ಹೆಡ್ ಬಿಚ್ಚಿ, ಶಾಫ್ಟಿಗೆ ಲೆವೆಲಿಂಗ್ ಟೂಲ್ ಇಳಿಸಿದೆವು. ಸ್ಟಿಕ್ ನಡುವೆ ಇದ್ದಾಗ ಟೂಲಿನ ಮೂರೂ ಕಡ್ಡಿ ಸ್ವಾಶ್‌ಪ್ಲೇಟಿಗೆ ತಾಗುತ್ತಿದ್ದವು. ಅವನ ಮುಖ ಅರಳಿತು. ಸ್ಟಿಕ್ಕನ್ನು ಮೇಲಿನ ತುದಿಗೆ ತಳ್ಳಿ ಟೂಲನ್ನು ಮತ್ತೆ ಇಳಿಸಿದಾಗ ಮುಂದಿನ ಎರಡು ತಾಗಿದವು, ಹಿಂದಿನದರ ಕೆಳಗೆ ವಿಸಿಟಿಂಗ್ ಕಾರ್ಡ್ ತೂರಿಸುವಷ್ಟು ಸಂದು. ಹಿಂದಿನ ಸರ್ವೋದ ಹಾರ್ನ್ (ಸರ್ವೋ ತಿರುಗಿಸುವ ತೋಳು) ನೋಡಿದರೆ ಲಿಂಕಿಗೆ (ತೋಳನ್ನು ಸ್ವಾಶ್‌ಪ್ಲೇಟಿಗೆ ಜೋಡಿಸುವ ಕಡ್ಡಿ) ನೇರ ಕೋನದಲ್ಲಿ ಇರಲಿಲ್ಲ, ಒಂದು ಹಲ್ಲು ಓರೆ ಕೂತಿತ್ತು. ಅದನ್ನು ಸಬ್‌ಟ್ರಿಮ್ (ಒಂದೊಂದು ಸರ್ವೋದ ನಡುಬಿಂದು ಸರಿಸುವ ಸೆಟ್ಟಿಂಗ್) ಹಾಕಿ ಎಳೆದು ನಡುವಿನಲ್ಲಿ ಮಾತ್ರ ಮಟ್ಟ ಮಾಡಿದ್ದರು. ಓರೆ ಕೂತ ಹಾರ್ನ್ ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ ಓಡುತ್ತದೆ. ಮೇಲೆ ಹೋಗುವಾಗ ಹಿಂಭಾಗ ಹಿಂದೆ ಉಳಿಯಿತು, ಸ್ವಾಶ್‌ಪ್ಲೇಟ್ ಹಿಂದಕ್ಕೆ ವಾಲಿತು, ಮೂತಿ ಎದ್ದಿತು. ಅಷ್ಟೇ ಕತೆ.

ನೀವು ಮಾಡಬೇಕಾದ್ದು ಇದೇ ಕ್ರಮದಲ್ಲಿ. ರಿಮೋಟಿನಲ್ಲಿ ಟ್ರಿಮ್, ಸಬ್‌ಟ್ರಿಮ್ ಎಲ್ಲ ಸೊನ್ನೆಗೆ ತನ್ನಿ. ಬ್ಲೇಡ್ ಪಿಚ್ ಸೊನ್ನೆ ಇರುವ ಜಾಗದಲ್ಲಿ ಮೂರೂ ಹಾರ್ನ್‌ಗಳನ್ನು ಲಿಂಕಿಗೆ 90 ಡಿಗ್ರಿಯಲ್ಲಿ ಕೂರಿಸಿ. 25 ಹಲ್ಲಿನ ಸರ್ವೋ ಆದರೆ ಒಂದು ಹಲ್ಲು ಅಂದರೆ 14.4 ಡಿಗ್ರಿ, ಅದು ದೊಡ್ಡ ಹೆಜ್ಜೆ. ನಾಲ್ಕು ತೋಳಿನ ಹಾರ್ನ್ ಇದ್ದರೆ ಒಂದೊಂದೇ ತೋಳು ಬದಲಿಸಿ ಹಾಕಿ ನೋಡಿ. ಒಂದೊಂದು ತೋಳಿಗೂ ಕಾಲು ಹಲ್ಲಿನಷ್ಟು ವ್ಯತ್ಯಾಸ ಬರುತ್ತದೆ, ಯಾವುದಾದರೂ ಒಂದು ಸರಿಯಾಗಿ ಕೂರುತ್ತದೆ. ಬೇಡದ ತೋಳುಗಳನ್ನು ಆಮೇಲೆ ಕತ್ತರಿಸಿ. ಉಳಿದ ಚೂರುಪಾರು ವ್ಯತ್ಯಾಸಕ್ಕೆ ಮಾತ್ರ ಸಬ್‌ಟ್ರಿಮ್. ಫ್ಲೈಬಾರ್ ಇಲ್ಲದ ಹೆಲಿಯಾದರೆ ಅದನ್ನು ರಿಮೋಟಿನಲ್ಲಿ ಮಾಡಬೇಡಿ, ಗೈರೋ ಯೂನಿಟ್ಟಿನ ಸೆಟಪ್ ಮೆನುವಿನಲ್ಲೇ ಮಾಡಿ.

ಸ್ವಾಶ್‌ಪ್ಲೇಟನ್ನು ಮಟ್ಟಕ್ಕೆ ತರುವುದು ಲಿಂಕ್ ಉದ್ದದಿಂದ. ಎಂ2 ಥ್ರೆಡ್ಡಿನಲ್ಲಿ ಒಂದು ಸುತ್ತಿಗೆ 0.4 ಮಿಲಿಮೀಟರ್. ನಡುವಿನಲ್ಲಿ ಮಟ್ಟವಾದ ಮೇಲೆ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಎರಡು ಕಡೆಯೂ ಅಳೆಯಿರಿ. ತುದಿಯಲ್ಲಿ ವ್ಯತ್ಯಾಸ ಬಂದರೆ ಆ ಸರ್ವೋದ ಓಟದ ಮಿತಿಯನ್ನು ತಿದ್ದಿ. ಲೆವೆಲಿಂಗ್ ಟೂಲ್ ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ಫ್ರೇಮಿನ ಒಂದು ಚಪ್ಪಟೆ ಭಾಗದಿಂದ ಸ್ವಾಶ್‌ಪ್ಲೇಟಿನವರೆಗೆ ಅಳೆಯಬಹುದು. ಕಣ್ಣಳತೆ ನಂಬಬೇಡಿ.

ಇನ್ನೊಂದು ಪರೀಕ್ಷೆ ಇದೆ, ಬಹಳ ಜನ ಮಾಡುವುದಿಲ್ಲ. ಸ್ಟಿಕ್ಕನ್ನು ನಿಧಾನವಾಗಿ ಅಲ್ಲ, ಥಟ್ಟಂತ ಮೇಲೆ ಕೆಳಗೆ ಮಾಡಿ. ಫೋನಿನ ಸ್ಲೋ ಮೋಷನ್‌ನಲ್ಲಿ ಬದಿಯಿಂದ ವಿಡಿಯೋ ತೆಗೆಯಿರಿ. ಒಂದು ಸರ್ವೋ ಉಳಿದೆರಡಕ್ಕಿಂತ ನಿಧಾನ ಇದ್ದರೆ ಸ್ವಾಶ್‌ಪ್ಲೇಟ್ ಕ್ಷಣಕಾಲ ವಾಲಿ ಮತ್ತೆ ಸರಿಯಾಗುವುದು ಕಾಣುತ್ತದೆ. ಒಂದು ಸರ್ವೋ ಸುಟ್ಟಾಗ ಅದೊಂದನ್ನೇ ಬೇರೆ ಮಾಡೆಲ್‌ಗೆ ಬದಲಿಸಿದ ಹೆಲಿಗಳಲ್ಲಿ ಇದು ಸಾಮಾನ್ಯ. ಮೂರೂ ಒಂದೇ ಮಾಡೆಲ್ ಇರಲಿ. ಬಿಇಸಿ (ಸರ್ವೋಗಳಿಗೆ ಕರೆಂಟ್ ಕೊಡುವ ಭಾಗ) ದುರ್ಬಲವಾಗಿದ್ದರೂ ಹೀಗೇ ಆಗಬಹುದು. ಮೂರೂ ಸರ್ವೋ ಒಟ್ಟಿಗೆ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಸರ್ವೋಗಳು ಸೋಮಾರಿಯಾಗುತ್ತವೆ.

ಸಡಿಲ, ಬಿಗಿ, ಸವಕಲು

ಬಾಲ್ ಲಿಂಕ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಬದಲಿಸಿ. ತೀರಾ ಬಿಗಿ ಇದ್ದರೂ ಕೆಟ್ಟದ್ದೇ. ಸ್ವಾಶ್‌ಪ್ಲೇಟ್ ತಿರುಗದಂತೆ ಹಿಡಿಯುವ ಹಿಂದಿನ ಗೈಡ್‌ನಲ್ಲಿ ಆಟ ಇದೆಯಾ ನೋಡಿ.

ಫ್ಲೈಬಾರ್ ಇಲ್ಲದ ಹೆಡ್ಡಿಗೆ ಒಂದು ಸುಲಭ ಪರೀಕ್ಷೆ. ಒಂದು ಬ್ಲೇಡನ್ನು ಬಾಲದ ಕೊಳವೆಯ ನೇರಕ್ಕೆ ತನ್ನಿ. ಎಲಿವೇಟರ್ ಸ್ಟಿಕ್ ಆಡಿಸಿ. ಆ ಬ್ಲೇಡಿನ ಕೋನ ಬದಲಾಗಬಾರದು. ಬದಲಾದರೆ ಹೆಡ್‌ನ ಜೋಡಣೆ ಕೆಲವು ಡಿಗ್ರಿ ತಪ್ಪಿದೆ ಅಂತ ಅರ್ಥ. ಆಗ ಎಲಿವೇಟರ್ ಕೊಟ್ಟರೆ ಸ್ವಲ್ಪ ಬದಿಗೂ, ಬದಿಗೆ ಕೊಟ್ಟರೆ ಸ್ವಲ್ಪ ಮೂತಿಗೂ ಹೋಗುತ್ತದೆ. ತಿರುವಿನಲ್ಲಿ ಮಾತ್ರ ಮೂತಿ ಏಳುತ್ತದೆ ಅನ್ನುವವರು ಇದನ್ನು ಬಿಡದೆ ನೋಡಬೇಕು.

ಮುಂದೆ ಡ್ಯಾಂಪರ್, ಅಂದರೆ ಹೆಡ್ಡಿನೊಳಗಿನ ರಬ್ಬರ್. ಒಂದು ಬ್ಲೇಡಿನ ಬುಡವನ್ನು ಮೇಲಕ್ಕೆ ಒತ್ತಿ ಬಿಡಿ. ರಬ್ಬರ್ ಎದುರು ಒತ್ತಡ ಕೊಡಬೇಕು, ವಾಪಸ್ ಬರಬೇಕು. ಸೋತ ಡ್ಯಾಂಪರ್ ಇದ್ದರೆ ರೋಟರ್ ಒಂದು ಹೇಳುತ್ತದೆ, ಹೆಲಿಯ ಮೈ ಇನ್ನೊಂದು ಮಾಡುತ್ತದೆ. ನಿಲ್ಲಿಸಿದಾಗ ಮೂತಿ ನಿಧಾನವಾಗಿ ಮೇಲೆ ಕೆಳಗೆ ಆಡುವುದಕ್ಕೆ ಇದು ಹಳೆಯ ಕಾರಣ. ರಬ್ಬರಿಗೆ ಸಿಲಿಕೋನ್ ಗ್ರೀಸ್ ಹಾಕಿ. ಗ್ಯಾರೇಜಿನಲ್ಲಿ ಸಿಕ್ಕ ಗ್ರೀಸ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬಿಕೊಳ್ಳುತ್ತದೆ.

ಬ್ಲೇಡ್ ಬೋಲ್ಟ್ ವಿಷಯ ಗೊತ್ತಿರುವುದೇ. ಹೆಲಿಯನ್ನು ಬದಿಗೆ ಹಿಡಿದು ಕುಲುಕಿದರೆ ಮಡಚಬೇಕು, ಸುಮ್ನೆ ಹಿಡಿದರೆ ನಿಲ್ಲಬೇಕು.

ವೇಗ ಕೊಟ್ಟಾಗ ಮಾತ್ರ ಏಳುತ್ತಿದ್ದರೆ

ಇಲ್ಲಿ ದೋಷ ಹೆಲಿಯದ್ದಲ್ಲ, ಗಾಳಿಯ ಲೆಕ್ಕದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಯಾವ ನಟ್ಟು ತಿರುಗಿಸಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ.

ಹೆಚ್ಚಿನ ಮಾಡೆಲ್ ಹೆಲಿಗಳ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಹೆಲಿ ಮುಂದೆ ಹೋಗುವಾಗ ಎಡಬದಿಯ ಬ್ಲೇಡ್ ಗಾಳಿಗೆ ಎದುರಾಗಿ ನುಗ್ಗುತ್ತದೆ, ಬಲಬದಿಯದು ಗಾಳಿಯ ಜೊತೆಗೆ ಹಿಂದೆ ಹೋಗುತ್ತದೆ. 450 ಸೈಜಿನ ರೋಟರಿಗೆ ಸುಮಾರು 70 ಸೆಂಟಿಮೀಟರ್ ವ್ಯಾಸ. ಅದು ನಿಮಿಷಕ್ಕೆ 2600 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 95 ಮೀಟರ್. ಹೆಲಿ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಎಡ ತುದಿಗೆ ಸಿಗುವ ಗಾಳಿ 115, ಬಲ ತುದಿಗೆ 75. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಹೆಚ್ಚುತ್ತದೆ. ಹಾಗಾಗಿ ಒಂದೇ ಕೋನದಲ್ಲಿದ್ದರೂ ಎಡ ತುದಿ ಬಲ ತುದಿಗಿಂತ ಸುಮಾರು 2.35 ಪಟ್ಟು ಎತ್ತುತ್ತದೆ.

ಹಾಗಾದರೆ ಹೆಲಿ ಬಲಕ್ಕೆ ಮಗುಚಬೇಕಲ್ವಾ? ಮಗುಚುವುದಿಲ್ಲ. ತಿರುಗುವ ರೋಟರಿನಲ್ಲಿ ಬಲ ಕೊಟ್ಟ ಜಾಗದಿಂದ ಸುಮಾರು 90 ಡಿಗ್ರಿ ಮುಂದೆ ಪರಿಣಾಮ ಕಾಣುತ್ತದೆ. ಎಡಬದಿಯಲ್ಲಿ ಬಲ ಪಡೆದ ಬ್ಲೇಡ್ ಮೂತಿಯ ಕಡೆ ಬಂದಾಗ ಅತಿ ಎತ್ತರಕ್ಕೆ ಏರುತ್ತದೆ. ರೋಟರ್ ತಟ್ಟೆ ಹಿಂದಕ್ಕೆ ವಾಲುತ್ತದೆ, ಮೂತಿ ಏಳುತ್ತದೆ. ರೋಟರ್ ಎದುರು ದಿಕ್ಕಿಗೆ ತಿರುಗಿದರೂ ಫಲ ಇದೇ.

ಈ ಲೆಕ್ಕದಿಂದ ಮೊದಲ ಉಪಾಯ ಸಿಗುತ್ತದೆ: ಹೆಡ್ ಸ್ಪೀಡ್, ಅಂದರೆ ರೋಟರ್ ತಿರುಗುವ ವೇಗ. ಅದೇ ಹೆಲಿಯನ್ನು 2000 ಸುತ್ತಿನಲ್ಲಿ ಹಾರಿಸಿದರೆ ಎಡ ಬಲದ ವ್ಯತ್ಯಾಸ 3 ಪಟ್ಟು ದಾಟುತ್ತದೆ. 2900ಕ್ಕೆ ಏರಿಸಿದರೆ 2.15ಕ್ಕೆ ಇಳಿಯುತ್ತದೆ. ಬ್ಯಾಟರಿ ಉಳಿಸಲು ಹೆಡ್ ಸ್ಪೀಡ್ ಇಳಿಸಿಕೊಂಡು, ಮೇಲೆ ವೇಗವಾಗಿ ಓಡಿಸುವವರಿಗೆ ಮೂತಿ ಕಾಟ ತಪ್ಪಿದ್ದಲ್ಲ. ಏರಿಸುವಾಗ ಬ್ಲೇಡ್ ಮತ್ತು ಹೆಡ್ ತಯಾರಕರು ಹೇಳಿದ ಮಿತಿ ದಾಟಬೇಡಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ, ಗಾಳಿ ತೆಳು, ಅದಕ್ಕೇ ಹೀಗೆ ಅನ್ನುವವರೂ ಇದ್ದಾರೆ. ಅದು ಶೇಕಡಾ ಐದರಷ್ಟು ವ್ಯತ್ಯಾಸ. ಅದರ ಮೇಲೆ ಹಾಕಿ ತಪ್ಪಿಸಿಕೊಳ್ಳುವುದು ಬೇಡ.

ಎರಡನೆಯದು ಬ್ಲೇಡ್. ಮೆತ್ತಗಿನ ಬ್ಲೇಡ್ ವೇಗದಲ್ಲಿ ತಿರುಚಿಕೊಳ್ಳುತ್ತದೆ. ಕಾರ್ಬನ್ ಬ್ಲೇಡ್ ಹಾಕಿದ ದಿನವೇ ಅರ್ಧ ಸಮಸ್ಯೆ ಹೋದ ಹೆಲಿಗಳು ಇವೆ.

ಇನ್ನೂ ಫ್ಲೈಬಾರ್ ಹೆಲಿ ಇಟ್ಟುಕೊಂಡವರು (ಇಟ್ಟುಕೊಳ್ಳಿ, ಕಲಿಸುವುದರಲ್ಲಿ ಅದಕ್ಕೆ ಸಾಟಿ ಇಲ್ಲ) ಅದರ ಎರಡು ತುದಿಯ ಪ್ಯಾಡಲ್‌ಗಳನ್ನು ನೋಡಬೇಕು. ಎರಡೂ ಹೆಡ್ಡಿನಿಂದ ಸಮ ದೂರದಲ್ಲಿರಬೇಕು, ಒಂದಕ್ಕೊಂದು ಸಮಾಂತರ ಇರಬೇಕು, ಸ್ವಾಶ್‌ಪ್ಲೇಟ್ ಮಟ್ಟ ಇದ್ದಾಗ ಅವೂ ಮಟ್ಟವಾಗಿರಬೇಕು. ಇಷ್ಟಾದ ಮೇಲೂ ಏಳುತ್ತಿದ್ದರೆ ಭಾರದ ಪ್ಯಾಡಲ್ ಹಾಕಿ, ಅಥವಾ ಫ್ಲೈಬಾರ್ ಮೇಲೆ ತೂಕದ ಬಿಲ್ಲೆ ಹಾಕಿ ಹೊರಗೆ ಸರಿಸಿ. ಹೆಲಿ ಸ್ವಲ್ಪ ಮಂದ ಆಗುತ್ತದೆ, ಆದರೆ ನೇರ ಓಡುತ್ತದೆ. ರಿಮೋಟಿನಲ್ಲಿ ಕಲೆಕ್ಟಿವ್‌ನಿಂದ ಎಲಿವೇಟರ್‌ಗೆ ಮಿಕ್ಸ್ (ಒಂದನ್ನು ಕೊಟ್ಟಾಗ ಇನ್ನೊಂದು ತಾನಾಗೇ ಸೇರುವ ಹಾಗೆ) ಹಾಕುವ ದಾರಿಯೂ ಇದೆ. ನನಗೆ ಅದು ಇಷ್ಟ ಇಲ್ಲ. ಒಂದು ವೇಗದಲ್ಲಿ ಸರಿ ಹೋಗುತ್ತದೆ, ಇನ್ನೊಂದರಲ್ಲಿ ತಿರುಗಿ ಬೀಳುತ್ತದೆ.

ಹಳೆಯ ಹೆಲಿಗಳ ಬಾಲದ ಮೇಲಿನ ಅಡ್ಡ ರೆಕ್ಕೆ ಓರೆಯಾಗಿದೆಯಾ ಅಂತಲೂ ಒಮ್ಮೆ ನೋಡಿ. ಕ್ಯಾನೋಪಿ ಸಡಿಲ ಇದ್ದರೆ ವೇಗದಲ್ಲಿ ಅದೇ ಗಾಳಿ ಹಿಡಿಯುತ್ತದೆ.

ಈಗ ಗೈರೋ ಮುಟ್ಟಬಹುದು

ಫ್ಲೈಬಾರ್ ಇಲ್ಲದ ಹೆಲಿಯಲ್ಲಿ ಮೊದಲು ದಿಕ್ಕು ಪರೀಕ್ಷೆ. ಹೆಲಿಯನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಕೆಳಕ್ಕೆ ಬಗ್ಗಿಸಿ. ಸ್ವಾಶ್‌ಪ್ಲೇಟ್ ಹಿಂದಕ್ಕೆ ವಾಲಬೇಕು. ಮುಂದಕ್ಕೆ ವಾಲಿದರೆ ಹಾರಿಸಲೇಬೇಡಿ, ಸೆನ್ಸರ್ ದಿಕ್ಕು ತಿರುಗುಮುರುಗಾಗಿದೆ.

ರಿಮೋಟಿನ ಟ್ರಿಮ್ ಸೊನ್ನೆ ಇರಲೇಬೇಕು. ಗೈರೋಗೆ ಟ್ರಿಮ್ ಅಂದರೆ ನೀವು ಕೊಟ್ಟ ಆಜ್ಞೆ. ಎರಡು ಕ್ಲಿಕ್ ಕೊಟ್ಟರೆ "ನಿಧಾನವಾಗಿ ಮೂತಿ ಎತ್ತುತ್ತಾ ಹೋಗು" ಅಂತ ಅದು ತಿಳಿದುಕೊಳ್ಳುತ್ತದೆ. ಬ್ಯಾಟರಿ ಹಾಕಿದ ಮೇಲೆ ಗೈರೋ ಸಿದ್ಧವಾಗುವ ತನಕ ಹೆಲಿ ಅಲ್ಲಾಡಿಸಬೇಡಿ. ನೆಲದಲ್ಲಿ ರೋಟರ್ ತಿರುಗುವಾಗ ಸ್ಟಿಕ್ ಆಡಿಸುತ್ತಾ ಕೂರಬೇಡಿ. ಹೆಲಿ ನೆಲಕ್ಕೆ ಅಂಟಿಕೊಂಡಿರುವುದರಿಂದ ಗೈರೋ ಮತ್ತಷ್ಟು ಮತ್ತಷ್ಟು ಒತ್ತುತ್ತದೆ, ಎದ್ದ ಕ್ಷಣ ಹೆಲಿ ಮೂತಿ ಎತ್ತಿಯೋ ತಗ್ಗಿಸಿಯೋ ಹಾರುತ್ತದೆ. ಏರುವುದಾದರೆ ಹಿಂಜರಿಯದೆ ಒಂದೇ ಸಲ ಏರಿಸಿ.

ಸೆಟಪ್ ಮೆನುವಿನಲ್ಲಿ ಸೈಕ್ಲಿಕ್ ಕೋನ (ಹೆಲಿಯನ್ನು ವಾಲಿಸಲು ಬ್ಲೇಡ್ ಬದಲಿಸುವ ಕೋನ) ಅಳೆದು ಹಾಕುವ ಹಂತ ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗಬೇಡಿ. ಮೈಕ್ರೋಬೀಸ್ಟ್ ಅನ್ನುವ ಗೈರೋ ಯೂನಿಟ್ಟಿನಲ್ಲಿ ಅದು 6 ಡಿಗ್ರಿ, ಪಿಚ್ ಗೇಜ್ ಇಟ್ಟು ನೋಡಬೇಕು. ಅದು ತಪ್ಪಿದರೆ ಮುಂದಿನ ಎಲ್ಲ ಗೇನ್ ಲೆಕ್ಕವೂ ತಪ್ಪು.

ಆಮೇಲೆ ಗೇನ್. ವೇಗದಲ್ಲಿ ಮೂತಿ ಮೆಲ್ಲಗೆ ಏಳುತ್ತದೆ, ಗಾಳಿ ಬಂದರೆ ಹೆಲಿ ತೇಲಾಡುತ್ತದೆ ಅಂದರೆ ಗೇನ್ ಕಡಿಮೆ. ಮೂತಿ ಚಿಕ್ಕದಾಗಿ, ಬೇಗ ಬೇಗ ನಡುಗಿದರೆ ಗೇನ್ ಜಾಸ್ತಿ. ಸ್ವಲ್ಪಸ್ವಲ್ಪವೇ ಏರಿಸಿ, ನಡುಕ ಶುರುವಾದ ಜಾಗದಿಂದ ಒಂದು ಹೆಜ್ಜೆ ಇಳಿಸಿ. ಗೇನ್ ಸರಿಯಾದ ಮೇಲೂ ವೇಗದಲ್ಲಿ ಏಳುತ್ತಿದ್ದರೆ ಮಾತ್ರ ಮೂತಿ ಏಳುವುದನ್ನು ತಡೆಯುವ ಸೆಟ್ಟಿಂಗ್‌ಗೆ ಹೋಗಿ. ಮೈಕ್ರೋಬೀಸ್ಟ್‌ನಂಥ ಯೂನಿಟ್‌ಗಳಲ್ಲಿ ಇದಕ್ಕೇ ಪ್ರತ್ಯೇಕ ಜಾಗ ಇದೆ. ಜಾಸ್ತಿ ಕೊಟ್ಟರೆ ಹೆಲಿ ನಿಮ್ಮ ಸ್ಟಿಕ್ಕಿಗೂ ತಡವಾಗಿ ಓಗೊಡುತ್ತದೆ. ಎಷ್ಟು ಕಡಿಮೆಯಲ್ಲಿ ಸಾಧ್ಯವೋ ಅಷ್ಟೇ ಇಡಿ.

ನಿಲ್ಲಿಸಿದಾಗ ಮೂತಿ ಒಂದೆರಡು ಸಲ ಪುಟಿದರೆ ಕತೆ ಬೇರೆ. ಹೆಲಿಯ ಮೈ ಉದ್ದಕ್ಕೆ ಭಾರ, ಅಡ್ಡಕ್ಕೆ ಹಗುರ. ಅದಕ್ಕೇ ಬದಿಗೆ ಚೆನ್ನಾಗಿ ನಿಲ್ಲುವ ಹೆಲಿ ಎಲಿವೇಟರ್‌ನಲ್ಲಿ ಪುಟಿಯುತ್ತದೆ. ಮೊದಲು ಡ್ಯಾಂಪರ್ ನೋಡಿ, ಆಮೇಲೆ ಸೈಕ್ಲಿಕ್ ವೇಗ ಇಳಿಸಿ, ಕೊನೆಗೆ ಎಲಿವೇಟರಿನ ಗೇನ್ ಮಾತ್ರ ಸ್ವಲ್ಪ ಕೆಳಗೆ ತನ್ನಿ. ಸೆನ್ಸರ್ ಅಂಟಿಸಿದ ಟೇಪ್ ಬಿಟ್ಟಿದ್ದರೂ ಹೀಗೇ ಆಗುತ್ತದೆ. ಉಗುರಿನಿಂದ ಮೂಲೆ ಎಬ್ಬಿಸಿ ನೋಡಿ.

ದೋಷ ಅಲ್ಲದ್ದು

ಹೋವರ್‌ನಿಂದ ಮುಂದೆ ಹೊರಟಾಗ ಒಂದು ಹಂತದಲ್ಲಿ ಮೂತಿ ಸ್ವಲ್ಪ ಎದ್ದು ಹೆಲಿ ತಾನಾಗೇ ಏರುತ್ತದೆ. ರೋಟರಿಗೆ ಹೊಸ ಗಾಳಿ ಸಿಕ್ಕಿದ್ದರ ಗುರುತು ಅದು. ಸ್ಟಿಕ್ ಸ್ವಲ್ಪ ಮುಂದೆ ತಳ್ಳಿ, ಅಷ್ಟು ಸಾಕು.

ನೇರ ಕೆಳಗೆ ವೇಗವಾಗಿ ಇಳಿಸುವಾಗ ಹೆಲಿ ಮೂತಿ ಬಾಲ ಆಡಿಸುತ್ತಾ ತೂರಾಡಿದರೆ ಅದು ತನ್ನದೇ ಕೆಳಗಾಳಿಯೊಳಗೆ ಮುಳುಗುತ್ತಿದೆ. ಆಗ ಕಲೆಕ್ಟಿವ್ ಎಳೆಯಬೇಡಿ, ಇನ್ನೂ ಕೆಡುತ್ತದೆ. ಮುಂದಕ್ಕೆ ಓಡಿಸಿ ಹೊರಗೆ ಬನ್ನಿ. ಇಳಿಸುವಾಗ ಯಾವಾಗಲೂ ಸ್ವಲ್ಪ ಮುಂದೆ ಸಾಗುತ್ತಲೇ ಇಳಿಸುವುದು ಒಳ್ಳೆಯ ಅಭ್ಯಾಸ.

ಇನ್ನು ಕೈಯಿಂದಲೇ ಆಗುವ ತೊನೆದಾಟ. ಮೂತಿ ಎದ್ದಿತು ಅಂತ ತಡವಾಗಿ ಜೋರಾಗಿ ತಳ್ಳುವುದು, ಬಗ್ಗಿತು ಅಂತ ಎಳೆಯುವುದು. ಎಲಿವೇಟರ್‌ಗೆ 20ರಿಂದ 30 ಶೇಕಡಾ ಎಕ್ಸ್‌ಪೋ (ಸ್ಟಿಕ್ಕನ್ನು ನಡುವಿನ ಹತ್ತಿರ ಮೆತ್ತಗೆ ಮಾಡುವ ಸೆಟ್ಟಿಂಗ್) ಹಾಕಿ, ಸಿಮ್ಯುಲೇಟರ್‌ನಲ್ಲಿ ಅಡ್ಡ ಹೋವರ್ ಅಭ್ಯಾಸ ಮಾಡಿ. ಅನುಮಾನ ಇದ್ದರೆ ಕೈ ಪಳಗಿದ ಇನ್ನೊಬ್ಬರಿಗೆ ರಿಮೋಟ್ ಕೊಟ್ಟು ನೋಡಿ. ಅವರ ಕೈಯಲ್ಲೂ ಎದ್ದರೆ ಹೆಲಿಯದ್ದೇ ದೋಷ.

ಮಳೆಗಾಲ ಕಳೆದ ಮೇಲೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆಯಲ್ಲಿ ಮಲಗಿದ್ದ ಹೆಲಿಯನ್ನು ನೇರ ಗದ್ದೆಗೆ ಒಯ್ಯಬೇಡಿ. ನಮ್ಮ ಕಡೆಯ ತೇವಕ್ಕೆ ಸೆನ್ಸರ್ ಟೇಪಿನ ಅಂಟು ಬಿಡುತ್ತದೆ, ಬೇರಿಂಗ್ ತುಕ್ಕು ಹಿಡಿದು ಗರಗರ ಅನ್ನುತ್ತದೆ. ಮರದ ಬ್ಲೇಡ್ ಇದ್ದರೆ ತೇವ ಕುಡಿದು ಒಂದು ಇನ್ನೊಂದಕ್ಕಿಂತ ಭಾರ ಆಗಿರಬಹುದು. ಹೊದಿಕೆಯ ಪ್ಲಾಸ್ಟಿಕ್ ಬುಡದಲ್ಲೋ ತುದಿಯಲ್ಲೋ ಬಿಟ್ಟಿದ್ದರೆ ತೇವ ಒಳಗೆ ಹೋಗುವುದು ಅಲ್ಲಿಂದಲೇ. ಎರಡನ್ನೂ ತೂಗಿ, ಬ್ಯಾಲೆನ್ಸ್ ಮಾಡಿ. ಬಾಗಿದ್ದರೆ ಎಸೆಯಿರಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ ನೆಟ್ಟಗೆ ಮಾಡುವ ಸಾಹಸ ಬೇಡ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಮುಂದಿನ ವರ್ಷ ಕೆಲಸ ಕಡಿಮೆ.

ಇಷ್ಟೆಲ್ಲ ಮಾಡುವಾಗ ಒಂದು ಹಾರಾಟಕ್ಕೆ ಒಂದೇ ಬದಲಾವಣೆ. ಬ್ಯಾಟರಿ ಸರಿಸಿದ ದಿನವೇ ಗೇನೂ ಏರಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಬದಲಾವಣೆ ಮಾಡಿದ ಮೇಲೆ ಗಾಳಿಯ ಎದುರಿಗೊಮ್ಮೆ, ಗಾಳಿಯ ಜೊತೆಗೊಮ್ಮೆ ಅದೇ ನೇರ ಓಟ ಓಡಿಸಿ. ಎರಡೂ ಕಡೆ ಒಂದೇ ರೀತಿ ಓಡಿದರೆ ಆ ದಿನದ ಗೇನ್, ಹೆಡ್ ಸ್ಪೀಡ್, ಬ್ಯಾಟರಿ ಕೂತ ಗೆರೆ, ಲಿಂಕ್ ಉದ್ದ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟು, ರಿಮೋಟಿನ ಆ ಮಾಡೆಲನ್ನು ಇನ್ನೊಂದು ಹೆಸರಿನಲ್ಲಿ ಕಾಪಿ ಮಾಡಿಡಿ.